ಗಡಿಗೊಂದು ನೂಲು

ಕೃತಕ ಕಾಲು ಮಾಡಿ ಹೊರದೇಶಗಳಿಗೆ ಕಳಿಸುವ ಆ ಪುಟ್ಟ ಕಂಪನಿಯಲ್ಲಿ ಅಣ್ಣನದು ಕೈಕೆಲಸ, ತಂಗಿಯದು ಕಾಗದದ ಕೆಲಸ. ತಲೆನೋವೆಲ್ಲ ಅವಳ ಪಾಲಿಗೇ. ಒಂದೇ ಕಾಲು ಮೂರು ಗಡಿ ದಾಟಬೇಕು. ಮೊದಲ ಗಡಿಯ ಕಸ್ಟಮ್ಸ್‌ನವರಿಗೆ ಅದು ವೈದ್ಯಕೀಯ ಸಾಮಗ್ರಿ, ಎರಡನೆಯವರಿಗೆ ಪ್ಲಾಸ್ಟಿಕ್ ಸಾಮಾನು, ಮೂರನೆಯ ಪುಣ್ಯಾತ್ಮರಿಗೆ ಪಾದರಕ್ಷೆ! ಈ ಜಗ್ಗಾಟದಲ್ಲಿ ಪೆಟ್ಟಿಗೆ ನಾಲ್ಕು ತಿಂಗಳು ಗೋದಾಮಿನಲ್ಲಿ ಕೊಳೆಯುತ್ತಿತ್ತು.

ಆ ವರ್ಷ ದಾರಿಯ ನಾಲ್ಕೂ ದೇಶಗಳು ಸೇರಿ ಎಲ್ಲ ಗಡಿಗೂ ಒಂದೇ ಘೋಷಣಾ ಪತ್ರ ಸಾಕೆಂದು ಒಪ್ಪಿದವು. ತಂಗಿ ಕುಣಿದಾಡುವುದೊಂದು ಬಾಕಿ. ಹೊಸ ಪತ್ರದಲ್ಲಿ ಮೊದಲು ಹೊರಟದ್ದು ಎಂಟು ವರ್ಷದ ಹುಡುಗಿಯೊಬ್ಬಳ ಕಾಲು. ಹದಿನೆಂಟು ದಿನಕ್ಕೆ ಅವಳ ಶಾಲೆ ಶುರು. ಹೋದ ವರ್ಷವೆಲ್ಲ ಅಮ್ಮನ ಸೊಂಟದ ಮೇಲೆ ಹೋದವಳು, ಈ ಸಲ ನಡೆದೇ ಹೋಗುತ್ತೇನೆಂದು ಹಟ ಹಿಡಿದಿದ್ದಳು.

ಆರನೇ ದಿನಕ್ಕೇ ಕಾಲು ತಲುಪಿತು. ಹುಡುಗಿಯ ತಾಯಿ ವಿಡಿಯೊ ಕರೆ ಮಾಡಿದಳು. "ಅಕ್ಕಾ, ಇದು ಉದ್ದ ಆಯ್ತಲ್ಲ!" ಹುಡುಗಿ ಅಳು ನುಂಗಿಕೊಂಡು ಒಂದು ಪಕ್ಕಕ್ಕೆ ವಾಲಿ ನಿಂತಿದ್ದಳು.

ತಂಗಿ ನೇರ ಅಣ್ಣನ ಮೇಜಿಗೆ ಹೋದಳು. "ಏನಣ್ಣ ಇದು? ಅವ್ರು ಅಳತೆ ಸರಿಯಾಗೇ ಕಳಿಸಿದ್ರಲ್ಲ?"

ಅಣ್ಣ ತಲೆ ಎತ್ತದೆ ಗೋಡೆ ತೋರಿಸಿದ. ಅಲ್ಲಿ ಇಪ್ಪತ್ತು ವರ್ಷದ ಹಿಂದಿನ ಸೀಮೆಸುಣ್ಣದ ಬರಹ: ಗಡಿಗೊಂದು ನೂಲು. ಏನೋ ಕೆಲಸದ ಗುರುತೆಂದುಕೊಂಡು ಅವಳು ಅದರ ಅರ್ಥ ಕೇಳಿಯೇ ಇರಲಿಲ್ಲ. ಅಣ್ಣ ಈಗ ಬಿಡಿಸಿ ಹೇಳಿದ. ಕಾಲು ಗಡಿಯಲ್ಲಿ ಕೂತಿರುವಷ್ಟು ದಿನ ಮಗು ಬೆಳೆಯುತ್ತದಲ್ಲ, ಅದಕ್ಕೆ ಪ್ರತಿ ಗಡಿಗೂ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಉದ್ದ ಸೇರಿಸುತ್ತಿದ್ದ.

"ಈಗ ಎಲ್ಲಾ ಬದಲಾಯ್ತು ಅಂತ ನಾನು ಬಡ್ಕೊಂಡಿದ್ನಲ್ಲ?"

"ನೀನು ಹೇಳಿದ್ದೆ. ನಾನೇ ನಂಬ್ಲಿಲ್ಲ ಕಣೆ."

ಬೈಯಲು ಬಾಯಿ ತೆರೆದವಳು ಸ್ಟೂಲು ಎಳೆದುಕೊಂಡು ಅವನ ಪಕ್ಕ ಕೂತಳು. ಅವಳ ಕಾಗದಗಳ ತಡವನ್ನು ಇಷ್ಟು ವರ್ಷ ಅವನು ತುಟಿ ಪಿಟಕ್ಕೆನ್ನದೆ ತನ್ನ ಕೈಯಿಂದ ತುಂಬಿಕೊಟ್ಟಿದ್ದ.

ಅಣ್ಣ ಕೂತಲ್ಲೇ ಕಾಲಿಗೆ ಉದ್ದ ಕೊಡುವ ನಡುವಿನ ಕೊಳವೆಯನ್ನು ಸರಿಯಳತೆಗೆ ಕತ್ತರಿಸಿದ; ಅದೊಂದನ್ನು ಬದಲಿಸಿದರೆ ಸಾಕಿತ್ತು. ಮೊದಲಾಗಿದ್ದರೆ ಬರೀ ಕೊಳವೆಗೂ ಮೂರು ಕಂತೆ ಕಾಗದ ಬೇಕಿತ್ತು. ಈಗ ತಂಗಿ ಹಿಂದಿನ ಪತ್ರದ ಸಂಖ್ಯೆ ಹಾಕಿ, 'ಅದೇ ಕಾಲಿನ ಭಾಗ' ಎಂದು ಒಂದು ಸಾಲು ಬರೆದಳು. ಏಳು ದಿನಕ್ಕೆ ಅದೂ ತಲುಪಿತು.

ಶಾಲೆಯ ಮೊದಲ ದಿನ ಬೆಳಗ್ಗೆ ಫೋನಿನಲ್ಲಿ ಹುಡುಗಿ ನೆಟ್ಟಗೆ ನಿಂತಿದ್ದಳು. "ಬೇಗ ಮಾತಾಡಿ, ನಂಗೆ ಹೊತ್ತಾಯ್ತು," ಎಂದವಳು ಅಮ್ಮನನ್ನೂ ಫೋನನ್ನೂ ಹಿಂದೆ ಬಿಟ್ಟು ನಡೆದೇಬಿಟ್ಟಳು.

ತಂಗಿಗೆ ಅಳು ತಡೆಯಲಾಗಲಿಲ್ಲ. ಅಣ್ಣ ಒದ್ದೆ ಬಟ್ಟೆ ತಂದು ಗೋಡೆ ಒರೆಸತೊಡಗಿದ. ಇಪ್ಪತ್ತು ವರ್ಷದ ಬರಹ, ಸುಲಭಕ್ಕೆ ಹೋಗಲಿಲ್ಲ. ತಂಗಿ ಕಣ್ಣೊರೆಸಿಕೊಂಡು ತಾನೂ ಒಂದು ಬಟ್ಟೆ ಹಿಡಿದು ಬಂದಳು.