ನಡುವೆ ಕೂತ ಪದ

ಬಿಳಿ ಟವೆಲಿನ ಕೆಂಪು ಅಂಚಿನ ಮೇಲೆ ಬಿಸಿಲಿನ ಚೂರೊಂದು ಕೂತಿದೆ, ಕಾರು ಕುಲುಕಿದರೆ ಅದೂ ಕುಲುಕುತ್ತದೆ, ಅಬ್ಬಾನ ತೊಡೆಯಿಂದ ಜಾರಿ ಸೀಟಿಗೆ ಬಿದ್ದು ಮತ್ತೆ ಹತ್ತಿ ಬರುತ್ತದೆ, ಎಷ್ಟು ಒಗೆದರೂ ಬೆಳ್ಳುಳ್ಳಿ ವಾಸನೆ ಬಿಡದ ಟವೆಲು, ಆಸ್ಪತ್ರೆಗೆ ಇದ್ಯಾಕೆ ಅಬ್ಬಾ ಎಂದು ಬೆಳಿಗ್ಗೆ ಜಬೀನ್ ಅದನ್ನು ಬಕೆಟ್ಟಿಗೆ ಹಾಕಹೋದರೆ ಗುಲಾಮ್ ರಸೂಲರು ಕಸಿದುಕೊಂಡು ಹೆಗಲಿಗೇರಿಸಿದರು, ಮದುಮಗನ ಹಾಗೆ — ಮಗಳು ಲುಬ್ನಾಗೆ ಟಿಫಿನ್ ಕಟ್ಟಿದೆನೇ, ಕಟ್ಟಿದೆ, ಚಮಚ ಹಾಕಲಿಲ್ಲ, ಕೈಯಲ್ಲೇ ತಿನ್ನುತ್ತಾಳೆ ಬಿಡು, ಒಂಬತ್ತು ವರ್ಷದ ಹುಡುಗಿಗೆ ಚಮಚ ಯಾಕೆ — ಅಲ್ಲಾಳಸಂದ್ರದ ಮನೆ ಹಿಂದೆ ಉಳಿಯಿತು, ಕೆರೆಯ ಮೇಲಿನ ಮಂಜು ಮಾತ್ರ ಇನ್ನೂ ಕಣ್ಣೊಳಗೇ ಇದೆ, ಮುಂದಿನ ಸೀಟಿನಲ್ಲಿ ಫರ್ಹಾನ್ ಅವಳ ಗಂಡನ ಹಾಗಲ್ಲ, ಯಾರದೋ ಡ್ರೈವರನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸುತ್ತಿದ್ದಾನೆ, ಹತ್ತು ಗಂಟೆಗೆ ಹೆಬ್ಬಾಳದ ಆಸ್ಪತ್ರೆಯಲ್ಲಿ ಅಬ್ಬಾ ಸಹಿ ಹಾಕಬೇಕು, ನಾಳೆ ಆಪರೇಷನ್, ಗಂಟಲಿನ ಗಡ್ಡೆ ತೆಗೆಯುತ್ತಾರೆ, ಗಡ್ಡೆಯ ಜೊತೆಗೆ — ಗಡ್ಡೆಯ ಜೊತೆಗೆ ಇನ್ನೇನು ಹೋಗುತ್ತದೆ ಎಂಬುದು ಈ ಕಾರಿನಲ್ಲಿ ಒಬ್ಬಳಿಗೇ ಗೊತ್ತು, ಆ ಒಬ್ಬಳು ಬಿಸಿಲಿನ ಚೂರು ನೋಡುತ್ತ ಕೂತಿದ್ದಾಳೆ.

ಹಿ ಮೈಟ್ ಪಾಸಿಬ್ಲಿ ಗೆಟ್ ಸಮ್ ವಾಯ್ಸ್ ಬ್ಯಾಕ್, ಎಂದಿದ್ದರು ಡಾಕ್ಟರಮ್ಮ ಕಳೆದ ಸೋಮವಾರ, ಪೆನ್ನಿನ ಕ್ಯಾಪು ಹಾಕುತ್ತ ತೆಗೆಯುತ್ತ, ಒಂದಿಷ್ಟು ದನಿ ವಾಪಸ್ ಬಂದರೂ ಬರಬಹುದೇನೋ — ಮೈಟ್ ಪಾಸಿಬ್ಲಿ, ಒಂದು ನಂಬರು, ಐದಕ್ಕೆ ಒಂದು, ಕಿವಿಗೆ ಬಿದ್ದ ತಕ್ಷಣ ಅವಳ ಬೆರಳು ತಾನಾಗಿಯೇ ಒಂದು ಒತ್ತಿತ್ತು, ಇಲ್ಲದ ಕೀಬೋರ್ಡಿನ ಮೇಲೆ, ನಾಲ್ಕು ವರ್ಷದಿಂದ ಅವಳ ಕೆಲಸವೇ ಅದು, ಹೆಡ್‌ಫೋನ್ ಹಾಕಿಕೊಂಡು ಎಲ್ಲಿಯದೋ ದೇಶದ ಇಂಗ್ಲಿಷಿನವರ ಮಾತು ಕೇಳಿ, ಹೇಳಿದವರಿಗೆ ತಮ್ಮ ಮಾತಿನ ಮೇಲೆ ಎಷ್ಟು ಭರವಸೆಯಿದೆ ಅಂತ ಒಂದರಿಂದ ಐದರವರೆಗೆ ನಂಬರು ಹಾಕುವುದು, ವಿಲ್ ಪ್ರಾಬಬ್ಲಿ ಅಂದರೆ ನಾಲ್ಕು, ಮೈಟ್ ವೆಲ್ ಅಂದರೆ ಮೂರು, ಆ ಪುಟ್ಟ ವೆಲ್ ಬಂದು ಮೈಟನ್ನು ಕಂಕುಳಿಗೆ ಕೈ ಕೊಟ್ಟು ಮೇಲೆತ್ತುತ್ತದೆ, ಶುಡ್ ರಿಯಲಿ ಅನ್ನುವವರು ಕುರ್ಚಿಯಿಂದ ಏಳುವುದಿಲ್ಲ, ಐ ಶುಡ್ ರಿಯಲಿ ಗೋ ಅಂತ ಇನ್ನೂ ಹತ್ತು ನಿಮಿಷ ಮಾತಾಡುತ್ತಾರೆ, ಆಫೀಸಿನ ಪಕ್ಕದ ಸೀಟಿನ ನಯನಾ ನಗುತ್ತಾಳೆ, ಡೆಫಿನೆಟ್ಲಿ ಅಂತ ಒತ್ತಿ ಹೇಳೋರ್ಗೆ ಐದು ಕೊಡ್ಬೇಡ ಕಣೇ, ವಿಲ್ ಡೆಫಿನೆಟ್ಲಿ ಕಮ್ ಅಂದೋನು ಬರಲ್ಲ, ಬರೋನು ಬರ್ತೀನಿ ಅಂತಾನೆ ಅಷ್ಟೇ, ನಮ್ಮನೆ ಪ್ಲಂಬರ್ ನೋಡು — ನಿಜ, ಒಂದು ಪದ ನಡುವೆ ಬಂದು ಕೂತರೆ ಸಾಕು, ಇಡೀ ವಾಕ್ಯದ ತೂಕ ಬದಲಾಗುತ್ತದೆ, ಹಳೇ ಸ್ಕೂಟರಿನಲ್ಲಿ ಅಬ್ಬಾ ಮುಂದೆ, ಅಮ್ಮಿ ಹಿಂದೆ, ನಡುವೆ ಅವಳು, ಯಶವಂತಪುರದ ಸರ್ಕಲ್ಲಿನಲ್ಲಿ ಗಾಳಿ ಕಿವಿಗೆ ನುಗ್ಗುತ್ತಿತ್ತು, ನಡುವೆ ಅವಳಿದ್ದಾಳೆ ಅಂತ ಅಬ್ಬಾ ನಿಧಾನ ಓಡಿಸುತ್ತಿದ್ದರು, ಅವಳಿಲ್ಲದ ದಿನ ಜೋರು, ಅಮ್ಮಿ ಬಂದು ದೂರುತ್ತಿದ್ದಳು, ನೀನಿಲ್ಲ ಅಂದ್ರೆ ನಿಮ್ಮಪ್ಪಂಗೆ ಬ್ರೇಕೇ ಇಲ್ಲ ನೋಡು.

ಕ್ಯಾ ಬೋಲೇ, ಏನಂದರು, ಎಂದು ಆ ಸೋಮವಾರ ಡಾಕ್ಟರಮ್ಮನ ಎದುರೇ ಅಬ್ಬಾ ಅವಳ ಮುಖ ನೋಡಿದಾಗ ಅವಳು ನಡುವಿನ ಪದವನ್ನು ಇಳಿಸಿಬಿಟ್ಟಳು, ರಸ್ತೆಯ ಪಕ್ಕ ನಿಲ್ಲಿಸಿ ಮುಂದೆ ಬಂದುಬಿಟ್ಟಳು, ಆವಾಜ್ ವಾಪಸ್ ಆತಾ ಅಬ್ಬಾ, ದನಿ ಬರುತ್ತೆ, ಅಷ್ಟೇ, ನಯನಾ ಹೇಳಿದ ಹಾಗೆ ಒತ್ತದೆ, ಬೇರೇನೂ ಸೇರಿಸದೆ, ಐದಕ್ಕೆ ಐದು — ಡಾಕ್ಟರಮ್ಮನಿಗೆ ದಖ್ಖನಿ ಬರದು, ಅವರು ಒಳ್ಳೆಯದು ಎಂಬಂತೆ ತಲೆಯಾಡಿಸಿದರು — ಹೇಳದೆ ಇನ್ನೇನು ಮಾಡಬೇಕಿತ್ತು, ಆಪರೇಷನ್ ಆಗದಿದ್ದರೆ ಒಂದು ವರ್ಷ ಅಂತಲೂ ಅವರೇ ಅಂದಿದ್ದರು, ಅದಕ್ಕೆ ಯಾವ ಪದವನ್ನೂ ನಡುವೆ ಕೂರಿಸದೆ, ಮತ್ತೆ ಅಬ್ಬಾ ರಂಜಾನಿನಲ್ಲೇ ಹೇಳಿಬಿಟ್ಟಿದ್ದರು, ಕೂಗು ಇಲ್ದೆ ಬದುಕಿ ಯಾರಿಗೆ ಏನು ಮಾಡಲಿ, ನಲವತ್ತೊಂದು ವರ್ಷ ಯಶವಂತಪುರದ ಯಾರ್ಡಿನಲ್ಲಿ ಬೆಳ್ಳುಳ್ಳಿ ಹರಾಜು ಕೂಗಿದ ಗಂಟಲು, ಒಂದ್ ಸಾರಿ, ಎರಡ್ ಸಾರಿ, ಆಮೇಲೆ ಒಂದು ಉಸಿರಿನಷ್ಟು ಸುಮ್ಮನಿದ್ದು, ಮೂರ್ ಸಾರಿ, ಆ ಮೂರನೆಯದು ಬಿದ್ದರೆ ಮುಗಿಯಿತು, ಬೇರೆ ಮಾತಿಲ್ಲ, ಬಹುದು ಇಲ್ಲ ಏನೋ ಇಲ್ಲ, ನಿನ್ನೆ ಸಂಜೆ ಇಲ್ಲೇ ಪಕ್ಕದ ಹಳ್ಳಿ ಸಿಂಗಾಪುರದಿಂದ ಮುನಿಕೃಷ್ಣಮ್ಮ ನೋಡಲು ಬಂದಿದ್ದಳು, ಮೊದಲು ಹೊಲದಿಂದ ಮೂಟೆ ತರುತ್ತಿದ್ದವಳು, ಈಗ ಆ ಹೊಲದಲ್ಲೇ ಮೂರು ಮಹಡಿ ಎಬ್ಬಿಸಿದ್ದಾಳೆ, ಮೂಸಂಬಿಯ ಚೀಲ ಇಟ್ಟು, ಏನ್ ಸಾಬ್ರೇ, ಇಂಗ್ ಗಂಟ್ಲು ಕೆಡಿಸ್ಕೊಂಡ್ರೆ ಎಂಗೆ, ನೀವ್ ಕೂಗ್ದಿದ್ರೆ ನನ್ ಬೆಳ್ಳುಳ್ಳಿನ ಯಾರೂ ಮೂಸ್ ನೋಡ್ತಿರ್ಲಿಲ್ಲ, ಅಬ್ಬಾ ಹರಕು ದನಿಯಲ್ಲಿ, ನಿನ್ ಬೆಳ್ಳುಳ್ಳೀಲಿ ಅರ್ಧ ಮಣ್ಣಿತ್ತಲ್ಲಮ್ಮಾ, ಅವಳು ಕೈ ಬೀಸಿ, ಮಣ್ಣಿದ್ರೇನೀಗ, ಅದ್ನೂ ಮಾರ್ಕೊಟ್ರಲ್ಲ ನೀವು, ಇಬ್ಬರೂ ನಗಹೋಗಿ ಅಬ್ಬಾಗೆ ಕೆಮ್ಮು ಹತ್ತಿತು, ಹೋಗುವಾಗ ಬಾಗಿಲಲ್ಲಿ ಮುನಿಕೃಷ್ಣಮ್ಮ ಗುಟ್ಟಾಗಿ ಕೇಳಿದಳು, ಕೂಗು ಬತ್ತದೇನವ್ವಾ, ಜಬೀನ್ ಚಪ್ಪಲಿ ಸರಿಸುವ ನೆಪದಲ್ಲಿ ಬಗ್ಗಿದಳು.

ಜಕ್ಕೂರಿನ ಬೇಲಿಯಾಚೆ ತರಬೇತಿಯ ಪುಟ್ಟ ವಿಮಾನವೊಂದು ಇಳಿಯುತ್ತಿದೆ, ಚಕ್ರ ನೆಲಕ್ಕೆ ತಾಗಿತು, ತಾಗಿದ್ದೇ ಮತ್ತೆ ಏರಿತು, ನಿಲ್ಲುವುದೇ ಇಲ್ಲ ಅವು, ತಾಗಿಸಿ ಏರುವುದನ್ನೇ ಕಲಿಯುತ್ತಿರುತ್ತವೆ, ಈಗ ಹೇಳಲೇ, ವಿಮಾನ ಇನ್ನೊಂದು ಸುತ್ತು ಬಂದ ಮೇಲೆ ಹೇಳಲೇ, ಹೇಳಿದರೆ ಕಾರು ನಿಲ್ಲಿಸು ಅನ್ನಬಹುದು, ಹೇಳದಿದ್ದರೆ ನಾಡಿದ್ದು ಎಚ್ಚರವಾಗಿ ಬಾಯಿ ತೆರೆದು, ಮತ್ತೆ ತೆರೆದು, ಅವಳ ಕಡೆ ನೋಡುತ್ತಾರೆ, ಆ ನೋಟಕ್ಕೆ ಯಾವ ನಂಬರು — ಅವಳ ಕೆಲಸದ ಬಗ್ಗೆ ಅವರಿಗೆ ಮೊದಲ ಸಲ ಬಿಡಿಸಿ ಹೇಳಿದಾಗ ಅಬ್ಬಾ ತೊಡೆ ತಟ್ಟಿ ನಕ್ಕಿದ್ದರು, ಒಂದರಿಂದ ಐದಾ, ಅರೆ ಅದು ನಮ್ಮ ಟವೆಲ್ ವ್ಯಾಪಾರ ಅಲ್ವೇನೇ, ಎಂಟು ವರ್ಷದವಳಾಗಿದ್ದಾಗ ಅವಳು ಕಂಡಿದ್ದಾಳೆ, ಬಾಯಿಬಿಟ್ಟು ಕೂಗದ ಹಳೇ ಗಿರಾಕಿಗಳ ಜೊತೆ ಅಬ್ಬಾ ಕೈ ಮೇಲೆ ಟವೆಲು ಹಾಸಿ, ಅದರಡಿ ಬೆರಳು ಹಿಡಿದು ದರ ಮಾತಾಡುತ್ತಿದ್ದರು, ಎಷ್ಟು ಬೆರಳೋ ಅಷ್ಟು ದರ, ಮುಖ ಇನ್ನೆಲ್ಲೋ, ಕಣ್ಣು ಲಾರಿಯ ಮೇಲೆ, ಬಾಯಲ್ಲಿ ಊಟ ಆಯ್ತಾ ಮಕ್ಕಳು ಹೆಂಗಿದ್ದಾರೆ, ಟವೆಲಿನಡಿ ನಾಲ್ಕು ಬೆರಳು, ಮೂರು ಬೆರಳು, ಅಂಚು ಮಾತ್ರ ಒಂದಿಷ್ಟು ನಡುಗುತ್ತಿತ್ತು, ಬಾಯಲ್ಲಿ ಎಷ್ಟಾದರೂ ಆಟ ಆಡ್ತೀವಿ ಬೇಟಾ, ಟವೆಲ್ ಕೆಳಗೆ ಆಡಲ್ಲ, ಒಂದ್ಸಲ ಆಡಿದೋನಿಗೆ ಯಾರ್ಡಲ್ಲಿ ಯಾರೂ ಮತ್ತೆ ಕೈ ಚಾಚಲ್ಲ — ಆ ಜಂಗುಳಿಯಲ್ಲಿ ಕಳೆದುಹೋಗದಿರಲಿ ಅಂತ ಅವಳು ಅವರ ಒಂದು ಬೆರಳು ಹಿಡಿದು ನಡೆಯುತ್ತಿದ್ದಳು, ತೋರುಬೆರಳು, ಉಗುರಿನಲ್ಲಿ ಬೆಳ್ಳುಳ್ಳಿ ಸಿಪ್ಪೆ.

ಬಿಸಿಲಿನ ಚೂರು ಈಗ ಅವಳ ಮಣಿಕಟ್ಟಿನ ಮೇಲಿದೆ, ಇಲ್ಲ, ಟವೆಲಿನ ಮೇಲೆ, ಟವೆಲೇ ಅವಳ ಮಣಿಕಟ್ಟಿನ ಮೇಲಿದೆ, ಯಾವಾಗ ಹಾಸಿದರು, ಅಬ್ಬಾ ಕಿಟಕಿಯಾಚೆ ನೋಡುತ್ತಿದ್ದಾರೆ, ಹೆಬ್ಬಾಳದ ಫ್ಲೈಓವರಿನ ಕಂಬಗಳು ಒಂದೊಂದಾಗಿ ಬರುತ್ತಿವೆ, ಬಿಸಿಲು ಜಾಸ್ತಿ ಇವತ್ತು, ಅನ್ನುತ್ತಾರೆ ಹರಕು ದನಿಯಲ್ಲಿ, ಯಾರಿಗೋ ಹೇಳುವ ಹಾಗೆ, ಟವೆಲಿನಡಿ ಅವರ ಒರಟು ಕೈ ಅವಳ ಐದೂ ಬೆರಳನ್ನು ಒಟ್ಟಿಗೆ ಹಿಡಿದಿದೆ, ಹಿಡಿದು ಒಮ್ಮೆ ಅಲುಗಿಸುತ್ತದೆ, ಐದಾ, ದನಿ ಬರುತ್ತೆ ಅಂದದ್ದಕ್ಕೆ ಐದಾ, ಎಂದು ಕೇಳುವ ಹಾಗೆ — ಅಂದರೆ ಸೋಮವಾರವೇ ತಿಳಿದಿತ್ತೇ, ಪೆನ್ನಿನ ಕ್ಯಾಪು ನೋಡಿಯೇ, ಅವಳ ಮುಖ ನೋಡಿಯೇ, ನಲವತ್ತೊಂದು ವರ್ಷ ಮುಖ ಓದಿದವರು, ಅವಳು ಮುಂದೆ ನೋಡುತ್ತಾಳೆ, ಫರ್ಹಾನನ ಕತ್ತಿನ ಹಿಂದಿನ ಮಚ್ಚೆ ನೋಡುತ್ತಾಳೆ, ಹೌದಬ್ಬಾ ಬಿಸಿಲು ಜಾಸ್ತಿ, ಹೆಬ್ಬೆರಳು ಬಿಡಿಸಿಕೊಳ್ಳುತ್ತಾಳೆ, ಅವರು ಬಿಡುತ್ತಾರೆ, ಕಿರುಬೆರಳು, ಅದರ ಪಕ್ಕದ್ದು, ನಡುವಿನದು, ಒಂದೊಂದು ಜಾರುವಾಗಲೂ ಒಬ್ಬೊಬ್ಬರನ್ನು ಸ್ಕೂಟರಿನಿಂದ ಇಳಿಸಿದ ಹಾಗೆ, ಕೊನೆಗೆ ಒಂದೇ ಉಳಿಯಿತು, ಒಂದು, ಅವರ ಮುಷ್ಟಿಯೊಳಗೆ, ಅದನ್ನು ಅವಳು ಎಳೆದುಕೊಳ್ಳಲಿಲ್ಲ — ಮಾಮೂ, ಸ್ವಲ್ಪ ಚಾ ಕುಡಿದು ಹೋಗೋಣವಾ, ಟೈಮಿದೆ, ಎನ್ನುತ್ತಿದ್ದಾನೆ ಫರ್ಹಾನ್, ಬಲಕ್ಕೆ ಹೋದರೆ ಯಶವಂತಪುರ, ಎಡಕ್ಕೆ ಆಸ್ಪತ್ರೆ, ಸಿಗ್ನಲ್ ಕೆಂಪು, ಅಬ್ಬಾ ಬಲಗಡೆಯ ರಸ್ತೆಯನ್ನು ನೋಡುತ್ತಾರೆ, ಈರುಳ್ಳಿ ಲಾರಿಯೊಂದು ತಿರುಗಿ ಮರೆಯಾಗುವವರೆಗೂ ನೋಡುತ್ತಾರೆ, ಟವೆಲಿನ ಅಂಚು ನಡುಗುತ್ತದೆ, ಆಮೇಲೆ ಇನ್ನೊಂದು ಕೈ ಎತ್ತಿ ಎಡಕ್ಕೆ ತೋರಿಸುತ್ತಾರೆ, ಸಿಗ್ನಲ್ ಹಸಿರು, ಕಾರು ಎಡಕ್ಕೆ ವಾಲುತ್ತದೆ, ಒಂದ್ ಸಾರಿ, ಅನ್ನುತ್ತಾರೆ ಅಬ್ಬಾ ಮೆಲ್ಲಗೆ, ಕಿಟಕಿಯ ಗಾಜಿಗೆ, ಎರಡ್ ಸಾರಿ, ಆಮೇಲೆ ಒಂದು ಉಸಿರಿನಷ್ಟು ಸುಮ್ಮನಾಗುತ್ತಾರೆ, ಅವಳು ಕಾಯುತ್ತಾಳೆ, ಕಾರೆಲ್ಲ ಕಾಯುತ್ತದೆ, ಮೂರನೆಯದು ಬಾಯಿಂದ ಬರುವುದಿಲ್ಲ, ಟವೆಲಿನಡಿ ಬರುತ್ತದೆ, ಗಟ್ಟಿಯಾಗಿ, ಒಂದು ಬೆರಳು, ಅದರ ಸುತ್ತ ಅವರ ಮುಷ್ಟಿ, ಒಂದು ಬೆರಳು —