ದುಲ್ಮಾಳ ಗಾಡಿ

ಬಲ ಮೊಣಕಾಲಿಗೆ ಬಿಸಿ ತಟ್ಟಿದ ಕೂಡಲೇ ಜರ್ಗಲ್ ಗೇರು ಇಳಿಸಿದಳು. ಆ ರಷ್ಯನ್ ವ್ಯಾನಿನಲ್ಲಿ ಎಂಜಿನ್ ಇರುವುದು ಎರಡು ಮುಂಸೀಟುಗಳ ನಡುವೆ, ತಗಡಿನ ಮುಚ್ಚಳದಡಿ. ಅದು ಕಾದರೆ ಮೀಟರಿನ ಮುಳ್ಳಿಗಿಂತ ಮೊದಲು ಓಡಿಸುವವರ ಮೊಣಕಾಲಿಗೆ ಗೊತ್ತಾಗುತ್ತದೆ.

"ಮುಳ್ಳು ಕೆಂಪಿಗೆ ಹೋಗ್ತಿದೆ," ಎಂದ ಪಕ್ಕದಲ್ಲಿದ್ದ ಅಪ್ಪ ಲುವ್ಸನ್.

"ಗೊತ್ತಪ್ಪ."

ಹಿಂದೆ, ಸೀಟು ಕಿತ್ತ ಜಾಗದಲ್ಲಿ, ಅಮ್ಮ ದುಲ್ಮಾಳ ಶವಪೆಟ್ಟಿಗೆ ಇತ್ತು. ಗೋಬಿ ಮರುಭೂಮಿಯ ಕೆಂಪು ಕಣಿವೆಯ ಏರನ್ನು ಅರ್ಧವಷ್ಟೇ ಹತ್ತಿದ್ದರು. ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳಲೆಂದು ಜರ್ಗಲ್ ಹೀಟರನ್ನು ಪೂರ್ತಿ ತಿರುಗಿಸಿದಳು. ಒಳಗೆಲ್ಲ ಬಿಸಿಗಾಳಿ ತುಂಬಿತೇ ಹೊರತು ಮುಳ್ಳು ಇಳಿಯಲಿಲ್ಲ. ಗಾಡಿಯನ್ನು ಬದಿಗೆ ತಂದು, ಎಂಜಿನ್ ಆರಿಸದೆ ನಿಲ್ಲಿಸಿದಳು.

ಹಿಂದಿನಿಂದ ಬಂದ ಹೊಳೆಯುವ ಬಿಳಿ ಗಾಡಿಯಿಂದ ಬದ್ರಾಖ್ ಇಳಿದ. ದುಲ್ಮಾಳ ಅಣ್ಣ, ಮನೆತನಕ್ಕೆ ಹಿರಿಯ. ಜೊತೆಗೆ ನಾಲ್ಕು ಜನ ನೆಂಟರು.

"ಬೆಳಗ್ಗೇನೇ ಹೇಳ್ಲಿಲ್ವಾ? ಈ ಡಬ್ಬ ಬೇಡ, ನನ್ನ ಗಾಡೀಲಿ ಮರ್ಯಾದೆಯಾಗಿ ಕಳ್ಸೋಣ ಅಂತ?"

"ಹೇಳಿದ್ರಿ ಮಾಮ."

"ನಮ್ಮ ಮನೇಲಿ ಹೆಂಗಸರು ಮಣ್ಣು ಮಾಡೋ ಜಾಗಕ್ಕೆ ಬರೋ ಪದ್ಧತಿ ಇಲ್ಲ ಅಂತಾನೂ ಹೇಳ್ದೆ."

"ಅದನ್ನೂ ಹೇಳಿದ್ರಿ."

"ಹನ್ನೊಂದರೊಳಗೆ ಎಲ್ಲ ಮುಗೀಬೇಕು ಅಂತ ಲಾಮಾ ಗಳಿಗೆ ನೋಡಿ ಕೊಟ್ಟಿದಾರೆ. ಈಗ್ಲೇ ಗಂಟೆ ಹತ್ತಾಯ್ತು. ಏಯ್, ಬನ್ರೋ, ಪೆಟ್ಟಿಗೆ ಇಳಿಸಿ ನನ್ನ ಗಾಡಿಗೆ ಹಾಕಿ."

ಜರ್ಗಲ್ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಯಾರೂ ಮುಟ್ಬೇಡಿ. ಅಮ್ಮ ಈ ಏರನ್ನ ಒಂದು ದಿನಾನೂ ಬೇರೆಯವರ ಗಾಡೀಲಿ ಹತ್ತಿಲ್ಲ. ಇವತ್ತೂ ಹತ್ತಲ್ಲ."

"ಅವಳದ್ದೇ ಒಂಟೆ ಹಟ! ಆ ಎಂಜಿನ್ನು ಈ ಗಾಡಿಗೆ ಹೊಂದಲ್ಲ ಅಂತ ಇಪ್ಪತ್ತು ವರ್ಷದ ಹಿಂದೇನೇ ಬಡ್ಕೊಂಡೆ."

\*

ಆಗ ಜರ್ಗಲ್‌ಗೆ ಹನ್ನೆರಡು. ವ್ಯಾನಿನ ಹಳೆಯ ಎಂಜಿನ್ ಸತ್ತಿತ್ತು. ದುಲ್ಮಾ ಐದು ಕುದುರೆ ಕೊಟ್ಟು, ಎಲ್ಲೋ ಮಗುಚಿಬಿದ್ದ ಜಪಾನಿ ಕಾರಿನ ಡೀಸೆಲ್ ಎಂಜಿನ್ ತಂದಳು. ಚೌಕಟ್ಟನ್ನು ಕೊಯ್ದು, ಬೆಸುಗೆ ಹಾಕಿ, ಒಂದು ತಿಂಗಳು ಸೆಣಸಾಡಿ ಅದನ್ನು ಒಳಗೆ ಕೂರಿಸಿದಳು. ಗಾಡಿ ಎದ್ದು ಓಡಿತು. ಆದರೆ ಏರು ಕಂಡರೆ ಸಾಕು, ಕುದಿಯುತ್ತಿತ್ತು.

"ಎಂಜಿನ್ ಅಲ್ಲ ಇದು, ಚಹಾ ಕಾಯಿಸೋ ಪಾತ್ರೆ," ಎಂದು ಬದ್ರಾಖ್ ನಗಾಡಿದ. ಊರೇ ನಕ್ಕಿತು.

ದುಲ್ಮಾ ಎರಡು ದಿನ ಗಾಡಿಯ ಮುಂದೆ ಸುಮ್ಮನೆ ಕುಳಿತಳು. ಮೂರನೆಯ ದಿನ ತಲೆವಸ್ತ್ರ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಮುಂದೆ ಹಿಡಿದಳು. ನಡುವೆ ಹಿಡಿದರೆ ಒಳಗಿನ ಫ್ಯಾನ್ ಗಾಳಿ ಎಳೆದು ಬಟ್ಟೆ ಅಂಟಿಕೊಂಡಿತು. ಮೂಲೆಯಲ್ಲಿ ಹಿಡಿದರೆ ಜೋತುಬಿತ್ತು.

"ನೋಡೇ ಜರ್ಗಲ್, ಎದೆ ನಡುವೆ ಮಾತ್ರ ಉಸಿರಾಡ್ತಿದೆ. ಕಾಯದೆ ಇನ್ನೇನು ಮಾಡುತ್ತೆ?"

ಅವತ್ತೇ ಮನೆಯ ಒಲೆಯ ಹೊರತಗಡು ಬಿಚ್ಚಿದಳು. ಅದನ್ನು ಕತ್ತರಿಸಿ, ಬಾಗಿಸಿ, ಫ್ಯಾನಿನ ಸುತ್ತ ಗೂಡು ಕಟ್ಟಿದಳು. ಇನ್ನು ಗಾಳಿ ಇಡೀ ರೇಡಿಯೇಟರಿನ ಮೂಲಕವೇ ಹಾದು ಬರಬೇಕು. ಮನೆಯಲ್ಲಿ ಹದಿನೈದು ದಿನ ಹೊಗೆಯೋ ಹೊಗೆ. ಲುವ್ಸನ್ ಕಣ್ಣೊರೆಸಿಕೊಳ್ಳುತ್ತಲೇ ಅಡುಗೆ ಮಾಡಿದ. ಗಾಡಿ ಮಾತ್ರ ಹತ್ತು ಜನರನ್ನು ಹೊತ್ತು, ಒಮ್ಮೆಯೂ ನಿಲ್ಲದೆ ಕಣಿವೆ ದಾಟಿತು.

\*

"ಎಂಜಿನ್ ಮೇಲೆ ತಪ್ಪು ಹಾಕ್ಬೇಡಿ ಮಾಮ," ಎನ್ನುತ್ತ ಜರ್ಗಲ್ ತಲೆವಸ್ತ್ರ ಬಿಚ್ಚಿ ಗಾಡಿಯ ಮೂತಿಗೆ ಹಿಡಿದಳು. ಎಂಜಿನ್ ಇನ್ನೂ ಓಡುತ್ತಿತ್ತು. ಬಟ್ಟೆ ನಡುವೆಯೂ ಅಂಟಲಿಲ್ಲ, ಮೂಲೆಯಲ್ಲೂ ಅಂಟಲಿಲ್ಲ; ಗಾಳಿಗೆ ಏನೋ ಅಡ್ಡ ಬಂದಿತ್ತು.

ಎಂಜಿನ್ ಆರಿಸಿ ಮೂತಿಯ ಜಾಲರಿಯ ತಿರುಪು ಬಿಚ್ಚತೊಡಗಿದಳು. ಬದ್ರಾಖ್ ಗಡಿಯಾರ ನೋಡಿದ. "ಸಾಕು. ಇಳಿಸ್ರೋ ಪೆಟ್ಟಿಗೇನ."

ಒಬ್ಬ ಬಾಗಿಲಿಗೆ ಕೈಹಾಕಿದ. ಅಷ್ಟರಲ್ಲಿ ಲುವ್ಸನ್ ಇಳಿದು ಬಂದ. ಮದುವೆಯಾದಾಗಿನಿಂದ ಭಾವನಿಗೆ ಅವನು ಎದುರು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಗಾಡಿ ಓಡಿಸಲು ಬಾರದ ಗಂಡನೆಂದು ಅವನ ಬೆನ್ನ ಹಿಂದೆ ನಗುತ್ತಿದ್ದರು.

"ಭಾವ, ನಿಮ್ಮ ಹೆಂಡ್ತಿಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾವ ಗಾಡಿ? ಅವತ್ತು ಹಿಂದಿನ ಸೀಟಲ್ಲಿ ಕೂತು ಅಳ್ತಿದ್ದೋರು ಯಾರು? ಆಗ ಇದು ಡಬ್ಬ ಆಗಿರ್ಲಿಲ್ವಾ?"

 ಬಾಗಿಲಿಗೆ ಕೈಹಾಕಿದ್ದ ನೆಂಟ ಕೈ ಇಳಿಸಿದ.

ಜಾಲರಿ ಕಳಚಿತು. ಅದರ ಹಿಂದೆ, ರೇಡಿಯೇಟರಿಗೆ ಮುಖ ಮುಚ್ಚಿದ ಹಾಗೆ, ಎಣ್ಣೆಮಸಿ ಹಿಡಿದು ಕಪ್ಪಾದ ದಪ್ಪ ಉಣ್ಣೆಕಂಬಳಿಯ ತುಂಡು. ಅಂಚಿಗೆಲ್ಲ ಒಂಟೆಗೂದಲಿನ ದಾರದ ಹೊಲಿಗೆ. ಚಳಿಗೆ ಎಂಜಿನ್ ಹೆಪ್ಪುಗಟ್ಟದಿರಲೆಂದು ನವೆಂಬರಿನಲ್ಲಿ ಇಟ್ಟು, ಮಾರ್ಚಿನಲ್ಲಿ ತೆಗೆಯುವಂಥದ್ದು. ಡಿಸೆಂಬರಿನಲ್ಲಿ ದುಲ್ಮಾ ಹಾಸಿಗೆ ಹಿಡಿದಿದ್ದಳು. ಆಮೇಲೆ ಗಾಡಿ ಹೊರಟದ್ದು ಇವತ್ತೇ. ಈಗ ಜೂನ್.

"ಅವಳೇ ಇಟ್ಟಿದ್ದು," ಎಂದ ಲುವ್ಸನ್. "ತೆಗಿಯೋಕೆ ಆಗ್ಲಿಲ್ಲ."

ಜರ್ಗಲ್ ಅದನ್ನು ಎಳೆದು ತೆಗೆದಳು. ಅಪ್ಪ ಕೈಚಾಚಿ ಇಸಿದುಕೊಂಡು, ಮಡಚಿ, ತನ್ನ ನಿಲುವಂಗಿಯ ಎದೆಯೊಳಗೆ ಸೇರಿಸಿದ. ಅಂಗಿ ಮಸಿಯಾಗುವುದನ್ನು ಅವನು ಲೆಕ್ಕಿಸಲಿಲ್ಲ.

ಹಬೆ ಇಳಿಯುವವರೆಗೆ ಕಾದರು. ಜರ್ಗಲ್ ದಪ್ಪ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ಸಡಿಲಿಸಿ, ಕ್ಯಾನಿನಿಂದ ನೀರು ಸ್ವಲ್ಪ ಸ್ವಲ್ಪವೇ ತುಂಬಿದಳು. ಹತ್ತೂವರೆಗೆ ಗಾಡಿ ಹೊರಟಿತು. ಎರಡನೇ ಗೇರಿನಲ್ಲಿ, ಒಂದೇ ಉಸಿರಿಗೆ, ಕಣಿವೆಯ ತಲೆ ಮುಟ್ಟಿತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ದುಲ್ಮಾಳನ್ನು ಮಣ್ಣಿಗಿಳಿಸಿದರು. ಗುಂಡಿಯ ಸುತ್ತ ಗಂಡಸರು ಮೂರು ಸುತ್ತು ಬಂದರು. ಜರ್ಗಲ್ ಯಾರ ಅಪ್ಪಣೆಗೂ ಕಾಯದೆ ಅವರ ಜೊತೆ ಹೆಜ್ಜೆ ಹಾಕಿ, ಪದ್ಧತಿಯಂತೆ ಚೊಂಬಿನ ಹಾಲನ್ನು ಮಣ್ಣಿಗೆ ಚೆಲ್ಲಿದಳು. ಯಾರೂ ಅವಳನ್ನು ತಡೆಯಲಿಲ್ಲ.

ಬದ್ರಾಖ್‌ನ ಗಾಡಿ ಮೊದಲು ಊರು ಸೇರಿತು. ಮನೆಯ ಮುಂದೆ ಎರಡು ಬೆಂಕಿ ಹಾಕಿದ್ದರು. ಮಣ್ಣು ಮಾಡಿ ಬಂದವರು ಅವುಗಳ ನಡುವೆ ನಡೆದು ಮೈಲಿಗೆ ಕಳೆದುಕೊಳ್ಳಬೇಕು. ಗಂಡಸರು ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದೆ ಟೋಪಿಯನ್ನು ಕೈಯಲ್ಲಿ ಹಿಡಿದ ಬದ್ರಾಖ್.

ವ್ಯಾನು ನಿಲ್ಲಲಿಲ್ಲ. ಜರ್ಗಲ್ ಎರಡೂ ಕಿಟಕಿ ಇಳಿಸಿ ಬೆಂಕಿಗಳ ನಡುವೆ ನೇರ ತಂದಳು. ಸಾಲು ಚದುರಿತು. ಹೊಗೆ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೊರಟಿತು. ಬದ್ರಾಖ್ ಮೊದಲು ಅಲುಗಾಡಲಿಲ್ಲ. ಆಮೇಲೆ ಒಂದು ಹೆಜ್ಜೆ ಬದಿಗೆ ಸರಿದು, ಹಿರಿಯರೊಬ್ಬರು ಬಂದಾಗ ಮಾಡುವಂತೆ ಟೋಪಿಯನ್ನು ತಲೆಗಿಟ್ಟುಕೊಂಡು, ಕೊರಳ ಗುಂಡಿ ಹಾಕಿಕೊಂಡು, ಗಾಡಿ ಪೂರ್ತಿ ಹಾದುಹೋಗುವವರೆಗೆ ನೆಟ್ಟಗೆ ನಿಂತ.