ಭಾವ ಕೊಟ್ಟ ಮುಲಾಮು

ನಮ್ಮ ಭಾವನದು ಔಷಧಿ ಅಂಗಡಿ. ಯಾರೇ ಮುಲಾಮು ಕೇಳಲಿ, ಎಲ್ಲಿಗೆ ಹಚ್ಚಲು ಎಂದು ವಿಚಾರಿಸದೆ ಕೊಡುವವರಲ್ಲ. ಒಳ್ಳೆಯ ಅಭ್ಯಾಸವೇ, ಇಲ್ಲ ಎನ್ನುವುದಿಲ್ಲ. ಆದರೆ ಆ ಗಂಟಲು! ಕೇಳಿದ್ದು ಬೀದಿಯ ಆಚೆ ಬದಿಗೂ ಕೇಳಿಸಬೇಕು.

ಒಂದು ದಿನ ಅಕ್ಕ ಊಟದ ಡಬ್ಬಿ ಕೊಡಲು ಹೋದವಳು, ತುರಿಕೆಗೆ ಏನಾದರೂ ಕೊಡಿ ಎಂದಳು. ಭಾವ ಇನ್ನೊಬ್ಬರ ಚೀಟಿ ಓದುತ್ತಲೇ, "ಎಲ್ಲಿಗೆ?" ಎಂದು ಕೂಗಿದರು. ಎದುರಿಗೆ ಗಂಡಸರು ನಿಂತಿದ್ದರು. ತುರಿಕೆ ಇದ್ದದ್ದು ಯಾರಿಗೂ ಹೇಳಲಾಗದ ಜಾಗದಲ್ಲಿ. ಅಕ್ಕ, "ಕಾಲಿಗೆ" ಎಂದುಬಿಟ್ಟಳು.

ಕಾಲಿನ ಮುಲಾಮನ್ನೇ ಅಲ್ಲಿಗೆ ಹಚ್ಚಿಕೊಂಡಳು. ತುರಿಕೆ ತಗ್ಗಿತು, ಮತ್ತೆ ಬಂತು. ಕೆಂಪು ಕಲೆ ಮೆಲ್ಲಗೆ ಹರಡಿತು. ಭಾವನಿಗೆ ಹೆಂಡತಿ ಎಂದರೆ ಜೀವ. ಟ್ಯೂಬು ಅರ್ಧವಾಗುವ ಮೊದಲೇ ಇನ್ನೊಂದನ್ನು ಕನ್ನಡಿಯ ಹತ್ತಿರ ತಂದಿಡುತ್ತಿದ್ದರು. "ಕಾಲು ಹೇಗಿದೆ?" ಎಂದರೆ ಅಕ್ಕ, "ಪರವಾಗಿಲ್ಲ" ಎನ್ನುತ್ತಿದ್ದಳು. ಮನೆಯಲ್ಲೇ ಔಷಧಿ ಇರುವಾಗ ಡಾಕ್ಟರ ಮಾತೇ ಏಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಹೀಗೇ ವರ್ಷಗಳು ಕಳೆದವು.

ಒಳಬಟ್ಟೆಗೆ ರಕ್ತ ತಾಕಿದ ಮೇಲೆ ಅಕ್ಕ ನನ್ನ ಹತ್ತಿರ ಬಾಯಿಬಿಟ್ಟಳು. ಚೆನ್ನಾಗಿ ಬೈದು, ಕೈಹಿಡಿದು ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ದೀಪ ಹಿಡಿದು ನೋಡಿದರು. "ನೋಡೋಕೆ ಮಾಮೂಲಿ ಇಸುಬಿನ ಥರಾನೇ ಇರುತ್ತೆ ಕಣಮ್ಮ, ನಾವೂ ಮೋಸ ಹೋಗ್ತೀವಿ. ಮುಲಾಮಿಗೆ ಬಗ್ಗದೇ ಇದ್ರೆ ಮಾತ್ರ ಚೂರು ಚರ್ಮ ತೆಗೆದು ಪರೀಕ್ಷೆ ಮಾಡಲೇಬೇಕು" ಎಂದರು. ಮರಗಟ್ಟಿಸುವ ಸೂಜಿ ಚುಚ್ಚಿ, ಅಕ್ಕಿಕಾಳಿನಷ್ಟು ತೆಗೆದರು.

ಪರೀಕ್ಷೆಯಲ್ಲಿ ಕಂಡದ್ದು ಕ್ಯಾನ್ಸರ್, ಅದೂ ಬಹಳ ಅಪರೂಪದ್ದು. ಚರ್ಮದ ಮೇಲ್ಪದರದಲ್ಲೇ ನಿಂತಿದ್ದರೆ ಕತ್ತರಿಸಿ ತೆಗೆದರೆ ಮುಗಿಯಿತು, ಮತ್ತೆ ಬರುತ್ತದೆಯೇ ಎಂದು ಕಣ್ಣಿಟ್ಟಿದ್ದರೆ ಸಾಕು ಎಂದರು. ಭಾವನಿಗೂ ಎಲ್ಲ ಹೇಳಿದೆವು. ನಾವು ಮೂವರೂ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆವು.

ಆಪರೇಷನ್ನಿನಲ್ಲಿ ಆ ಭಾಗದ ಚರ್ಮದ ಜೊತೆಗೆ, ರೋಗ ಒಳಗೆ ಹರಡಿದೆಯೇ ಎಂದು ನೋಡಲು ತೊಡೆಸಂದಿನ ಗಂಟುಗಳನ್ನೂ ತೆಗೆದರು. ವಾರ ಕಳೆದು ವರದಿ ಬಂತು. ರೋಗ ಗಂಟಿಗೂ ಇಳಿದಿತ್ತು. ಇನ್ನು ವಿಕಿರಣ ಚಿಕಿತ್ಸೆ ಕೊಡುತ್ತಾರಂತೆ. ಆಮೇಲೆ ಏನು ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, "ನೋಡೋಣ" ಎಂದರು. ನನಗೆ ಬೈಯಲು ಯಾರೂ ಸಿಗಲಿಲ್ಲ.

ಭಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತರು. "ಮನೇಲಿ ನಾವಿಬ್ರೇ ಇದ್ದಾಗಾದ್ರೂ ಒಂದು ಮಾತು ಹೇಳಬಾರದಿತ್ತೇನೇ?"

ಅಕ್ಕ ಅವರ ಕೈಯನ್ನು ಎಳೆದು ತನ್ನ ಕೈಯೊಳಗೆ ಇಟ್ಟುಕೊಂಡಳು.

"ಹೇಳಬೇಕು ಅಂತಾನೇ ಇದ್ದೆ ರೀ. ಟ್ಯೂಬು ಮುಗೀಲಿ, ಇನ್ನೊಂದು ಕೇಳುವಾಗ ಹೇಳಿಬಿಡೋಣ ಅಂತ ಕಾಯ್ತಾ ಇದ್ದೆ. ನೀವು ಮುಗಿಯೋಕೇ ಬಿಡಲಿಲ್ಲ."